ಗೋಡೆಗೆ ಏರಿದ ಲೈಸೆನ್ಸ್

"ಗುರುಗಳೇ, ನಾವು ಒಂಬತ್ತು ಮಂದಿ ಒಟ್ಟಿಗೆ ವಿಮಾನ ಹಾರಿಸಲು ಕಲಿತೆವು. ಹೊಟ್ಟೆಪಾಡಿಗಲ್ಲ, ಆಸೆಗೆ. ಲೈಸೆನ್ಸ್ ಬಂದು ವರ್ಷ ತುಂಬುವುದರೊಳಗೆ ಎಂಟು ಮಂದಿ ಹಾರುವುದನ್ನೇ ಬಿಟ್ಟರು. ಅಷ್ಟು ಕಷ್ಟಪಟ್ಟು ಪಡೆದದ್ದನ್ನು ಕೈಬಿಡುವುದೇಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಎಣ್ಣೆ ವ್ಯಾಪಾರಿಗೆ ಚಿಕ್ಕಂದಿನಿಂದ ಹಾರುವ ಹುಚ್ಚು. ನಲವತ್ತೈದು ದಾಟಿದ ಮೇಲೆ ಕಲಿಯಲು ಸೇರಿದ. ಕಲಿಸುವ ಮುದುಕನ ಬಾಯಿ ಜೋರು. "ಇದು ಎಣ್ಣೆ ಡಬ್ಬವಲ್ಲ, ಮೆಲ್ಲಗೆ ಇಳಿಸು" ಎಂದು ದಿನಾ ಬೈಯುತ್ತಿದ್ದ. ವ್ಯಾಪಾರಿ ಮೊದಲ ಸಲ ಒಬ್ಬನೇ ಹಾರಿ ಇಳಿದಾಗ, ಜೊತೆಗಾರರು ಪದ್ಧತಿಯಂತೆ ಅವನ ತಲೆಯ ಮೇಲೆ ಬಿಂದಿಗೆ ನೀರು ಸುರಿದರು. ಅಂದು ಅವನಷ್ಟು ಸುಖಿ ಊರಿನಲ್ಲಿ ಇನ್ನೊಬ್ಬನಿರಲಿಲ್ಲ.

ಲೈಸೆನ್ಸ್ ಬಂತು. ಹಾರುವಾಗ ಅದು ಜೇಬಿನಲ್ಲೇ ಇರಬೇಕೆಂಬುದು ನಿಯಮ. ಜೇಬಿನಲ್ಲಿಟ್ಟುಕೊಂಡು ಭಾನುವಾರ ಕಲಿತ ಮೈದಾನಕ್ಕೇ ಹೋಗಿ ಬಾಡಿಗೆ ವಿಮಾನ ಹತ್ತಿದ. ಬೈಯುವವರಿಲ್ಲ, ಜೊತೆಗಾರರಿಲ್ಲ, ಹೋಗಬೇಕಾದ ಊರೂ ಇಲ್ಲ. ಮೈದಾನದ ಮೇಲೆ ಒಂದು ಸುತ್ತು ಹಾಕಿ ಇಳಿದ. ಮರುವಾರವೂ ಅದೇ ಸುತ್ತು. ಮೂರನೆಯ ವಾರ ಮೋಡವೆಂದ, ನಾಲ್ಕನೆಯ ವಾರ ಮಂಡಿನೋವೆಂದ. ಕೈಗೆ ಅಭ್ಯಾಸ ತಪ್ಪಿತೆಂಬ ಭಯವನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಕಡೆಗೆ ಲೈಸೆನ್ಸಿಗೆ ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ತೂಗುಹಾಕಿ, ಹೂವಿನ ಹಾರ ತೊಡಿಸಿದ.

ಹೆಂಡತಿ ನೋಡಿದಳು. "ಬದುಕಿರುವುದಕ್ಕೆ ಯಾರಾದರೂ ಹಾರ ಹಾಕಿ ಗೋಡೆಗೆ ಏರಿಸುತ್ತಾರೇನ್ರೀ?"

"ಹೋಗಿ ಮಾಡುವುದೇನು? ಅದೇ ಮೈದಾನ, ಅದೇ ಸುತ್ತು."

"ಗಾಣದೆತ್ತಿನ ಹಾಗೆ ಅಲ್ಲಲ್ಲೇ ತಿರುಗಿದರೆ ಬೇಸರವಾಗದೆ ಇನ್ನೇನು? ನನ್ನನ್ನು ತವರಿಗೆ ಕರೆದುಕೊಂಡು ಹೋಗಿ. ಅಲ್ಲಿನ ಸಕ್ಕರೆ ಕಾರ್ಖಾನೆಯ ಹಿಂದೆ ವಿಮಾನ ಇಳಿಯುವ ಜಾಗ ಇದೆಯಲ್ಲ."

ಅವಳೇ ಕಟ್ಟು ಬಿಚ್ಚಿ, ಲೈಸೆನ್ಸನ್ನು ಅವನ ಜೇಬಿಗಿಟ್ಟಳು. ವ್ಯಾಪಾರಿ ನಾಚಿಕೆ ಬಿಟ್ಟು ಮುದುಕನ ಬಳಿಗೆ ಹೋದ. ಒಂದು ವಾರ ಹೊಟ್ಟೆ ತುಂಬ ಬೈಸಿಕೊಂಡ. ಕೈ ಮತ್ತೆ ಹದಕ್ಕೆ ಬಂತು.

ಕಾರ್ಖಾನೆಯವರ ಒಪ್ಪಿಗೆ ಪಡೆದು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಲೆದ್ದ. ಎರಡು ಹೊಳೆ ದಾಟಿದ. "ಅಗೋ ನಮ್ಮ ಕೆರೆ! ಅಗೋ ನಮ್ಮಪ್ಪನ ಕಬ್ಬಿನ ಹೊಲ!" ಎಂದು ಅವಳು ಕೂಗಿದಳು. ಅಡ್ಡಗಾಳಿ ತಳ್ಳಿತು, ಅವನು ಮೂತಿಯನ್ನು ಗಾಳಿಯ ಕಡೆಗೆ ತುಸು ತಿರುಗಿಸಿ ಹಿಡಿದ. ಹೂವಿನ ಬುಟ್ಟಿ ಇಳಿಸಿದಷ್ಟು ಮೆತ್ತಗೆ ವಿಮಾನ ನೆಲ ಮುಟ್ಟಿತು. ಕಾದು ನಿಂತಿದ್ದ ಅತ್ತೆ ಅಳಿಯನ ದೃಷ್ಟಿ ತೆಗೆದು, ವಿಮಾನದ ಮೂತಿಗೂ ಕುಂಕುಮ ಇಟ್ಟಳು. ವ್ಯಾಪಾರಿ ಸಂತೋಷ ತಾಳಲಾರದೆ ಅತ್ತುಬಿಟ್ಟ. ಊಟದ ಎಲೆ ಹಾಕುವ ಮೊದಲೇ, "ಮುಂದಿನ ಭಾನುವಾರ ಯಾವ ಊರು?" ಎಂದು ಹೆಂಡತಿಯನ್ನು ಕೇಳಿದ.

ಕತೆ ಮುಗಿಯಿತು. ಶಿಷ್ಯನಿಗೆ ಬಲು ಖುಷಿಯಾಯಿತು. "ಹಾಗಾದರೆ ಆ ಎಂಟು ಮಂದಿಗೆ ಹೋಗಲು ಊರಿರಲಿಲ್ಲ, ಅಷ್ಟೇ" ಎಂದ.

"ಅವರದು ಇರಲಿ, ಒಂಬತ್ತನೆಯವನ ಲೈಸೆನ್ಸ್ ಈಗ ಎಲ್ಲಿದೆ?" ಎಂದರು ಗುರುಗಳು.

ಶಿಷ್ಯ ಮನೆಗೆ ಹೋಗಿ, ಗೋಡೆಯ ಮೇಲಿದ್ದ ತನ್ನ ಲೈಸೆನ್ಸಿನ ಕಟ್ಟನ್ನು ಕೆಳಗಿಳಿಸಿದ.