ಕರ್ಚೀಫು ಹಾಕಿದ ಸೀಟು

“ಬುದ್ಧಿ, ನಮ್ಮ ಹತ್ತಿರ ಇರುವುದೇ ಸ್ವಲ್ಪ. ಅದನ್ನು ನಮ್ಮವರಿಗೆಂದು ಎತ್ತಿಟ್ಟರೆ ತಪ್ಪೇ?” ಎಂದು ಶಿಷ್ಯ ಕೇಳಿದ.

ಸಂಜೆಯಾಗಿತ್ತು. ಗುರುಗಳು ಮಠದ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಮಠಕ್ಕೆ ಸೇರಿದ ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುವುದು ಆ ಶಿಷ್ಯನ ಕೆಲಸ. ದಿನವೆಲ್ಲ ಓಡಾಡಿ ಅವನ ಮುಖ ಬಾಡಿತ್ತು.

“ಇಂಥ ಪ್ರಶ್ನೆ ಸುಮ್ಮಸುಮ್ಮನೆ ಹುಟ್ಟುವುದಿಲ್ಲ. ಏನಾಯಿತು ಹೇಳು” ಎಂದರು ಗುರುಗಳು.

“ನಿಲಯದಲ್ಲಿ ಒಂದೇ ಜಾಗ ಉಳಿದಿದೆ, ಬುದ್ಧಿ. ನಮ್ಮ ದೊಡ್ಡಪ್ಪನ ಮೊಮ್ಮಗ ಓದಲು ಬರುತ್ತಾನಂತೆ. ಕೂಸಾಗಿದ್ದಾಗ ನೋಡಿದ್ದು, ಆಮೇಲೆ ನೋಡಿಲ್ಲ. ಅವನಿಗೆಂದು ಇಟ್ಟಿದ್ದೇನೆ. ಮಧ್ಯಾಹ್ನ ಯಾರೋ ಒಬ್ಬ ಹುಡುಗ ಬಂದು ಬಾಗಿಲಲ್ಲಿ ನಿಂತ. ದಿನಾ ಬಸ್ಸಿನಲ್ಲಿ ಹೋಗಿಬಂದು ಓದಲು ಆಗುತ್ತಿಲ್ಲ ಅಂದ. ಮುಂದೆ ಏನೋ ಹೇಳಲು ಹೋದ. ಜಾಗ ಇಲ್ಲ ಅಂದು ಕಳಿಸಿಬಿಟ್ಟೆ.”

“ಯಾವ ಊರಿನವನಂತೆ?”

“ಕೇಳಲಿಲ್ಲ, ಬುದ್ಧಿ. ಸುಸ್ತಾಗಿತ್ತು.”

ಗುರುಗಳು ಬೈಯಲಿಲ್ಲ. ತಮಗೂ ಕಾಲು ನೋಯುತ್ತಿದೆ ಎನ್ನುವಂತೆ ಮೊಣಕಾಲು ನೀವಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಪೇಟೆ. ಅಲ್ಲಿಂದ ದೂರದ ನಗರದಲ್ಲಿ ಒಂದು ವಿಶ್ವವಿದ್ಯಾಲಯ. ಓದುವ ಮಕ್ಕಳು ಬೆಳಿಗ್ಗೆ ಬಸ್ಸು ಹತ್ತಿ ಹೋಗುತ್ತಿದ್ದರು, ಸಂಜೆ ಬಸ್ಸಿನಲ್ಲೇ ಮರಳುತ್ತಿದ್ದರು. ತರಗತಿಯಲ್ಲಿ ಕೂತದ್ದಕ್ಕಿಂತ ಬಸ್ಸಿನಲ್ಲಿ ನಿಂತದ್ದೇ ಹೆಚ್ಚು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ ಅದು.

ಆ ಪೇಟೆಯಲ್ಲಿ ಬಸ್ಸು ಹತ್ತುವುದಕ್ಕೆ ಒಂದು ಪದ್ಧತಿ ಇತ್ತು. ನೀನೂ ಕಂಡಿರುತ್ತೀಯೆ. ಬಸ್ಸು ನಿಲ್ದಾಣದೊಳಗೆ ತಿರುಗುತ್ತಿದ್ದ ಹಾಗೆಯೇ ಜನ ಅದರ ಜೊತೆ ಓಡುತ್ತಾರೆ. ಬಾಗಿಲಲ್ಲಿ ನುಗ್ಗುವುದು ಆಮೇಲಿನ ಮಾತು, ಮೊದಲು ಕಿಟಕಿಯಿಂದ ಕರ್ಚೀಫು ಎಸೆಯಬೇಕು. ಕರ್ಚೀಫು ಬಿದ್ದ ಸೀಟು ಎಸೆದವರದು. ಇದನ್ನು ಯಾವ ಸರ್ಕಾರವೂ ಬರೆದಿಟ್ಟಿಲ್ಲ, ಯಾವ ಪೊಲೀಸೂ ಕಾಯುವುದಿಲ್ಲ. ಆದರೂ ಈ ನಾಡಿನಲ್ಲಿ ಇಷ್ಟು ನಿಷ್ಠೆಯಿಂದ ನಡೆಯುವ ಕಾನೂನು ಇನ್ನೊಂದಿಲ್ಲ. ಹೊಲದ ಬದುವಿಗಾಗಿ ಅಣ್ಣನ ತಲೆ ಒಡೆಯುವವನೂ ಒಂದು ತುಂಡು ಬಟ್ಟೆಗೆ ಮರ್ಯಾದೆ ಕೊಟ್ಟು ದಾರಿಯುದ್ದಕ್ಕೂ ನಿಂತೇ ಹೋಗುತ್ತಾನೆ.

ಆ ಬಸ್ಸಿನಲ್ಲಿ ಇಬ್ಬರು ಗೆಳತಿಯರು ಓಡಾಡುತ್ತಿದ್ದರು. ಹೆಸರು ಬೇಡ. ಒಬ್ಬಳು ಪೇಟೆಯವಳು, ಇನ್ನೊಬ್ಬಳು ಹಳ್ಳಿಯವಳು.

ಪೇಟೆಯವಳ ಮನೆ ನಿಲ್ದಾಣದ ಹಿಂದೆಯೇ ಇತ್ತು. ಹಳ್ಳಿಯವಳು ಕೋಳಿ ಕೂಗುವ ಮೊದಲು ಎದ್ದು, ಕಸ ಮುಸುರೆ ಮುಗಿಸಿ, ಟೆಂಪೊ ಹಿಡಿದು ಪೇಟೆಗೆ ಬರಬೇಕು. ಅವಳು ಬರುವ ಹೊತ್ತಿಗೆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಸೊರಗಿದ ಜೀವ, ಹೆಚ್ಚು ಹೊತ್ತು ನಿಂತರೆ ತಲೆ ಸುತ್ತುತ್ತಿತ್ತು. ಅದನ್ನು ಕಂಡು ಪೇಟೆಯವಳು ಮೊದಲ ವರ್ಷವೇ ಮಾತು ಕೊಟ್ಟಿದ್ದಳು: “ಸೀಟಿನ ಯೋಚನೆ ನಂಗಿರ್ಲಿ. ನೀನು ಓದೋದು ನೋಡ್ಕೊ.”

ಅವಳು ಮಾತಿಗೆ ತಪ್ಪಿದವಳಲ್ಲ. ದಿನವೂ ಎರಡು ಕರ್ಚೀಫು ತರುತ್ತಿದ್ದಳು. ಒಂದು ತನ್ನದು, ಒಂದು ಗೆಳತಿಯದು. ಯಾರಾದರೂ “ಇಲ್ಲಿ ಯಾರಾದ್ರೂ ಇದ್ದಾರಾ?” ಎಂದು ಕೇಳಿದರೆ “ಬರೋರಿದ್ದಾರೆ” ಎನ್ನುತ್ತಿದ್ದಳು. ಜನ ಗೊಣಗುತ್ತಾ ಮುಂದೆ ಸರಿಯುತ್ತಿದ್ದರು. ಹಳ್ಳಿಯವಳು ಏದುಸಿರು ಬಿಡುತ್ತಾ ಬಂದು ಆ ಕರ್ಚೀಫು ಎತ್ತಿ ಮಡಚಿ ಗೆಳತಿಯ ಕೈಗೆ ಕೊಟ್ಟು ಕೂರುತ್ತಿದ್ದಳು. ಇಂಥ ಸ್ನೇಹವನ್ನು ಕೆಟ್ಟದ್ದು ಎಂದು ನಾನು ಹೇಳಲಾರೆ, ಮಗೂ. ಚಿನ್ನದಂಥ ಸ್ನೇಹ.

ಕೊನೆಯ ವರ್ಷ ಬಂತು. ಕೊನೆಯ ಪರೀಕ್ಷೆಯ ದಿನವೂ ಬಂತು. ಹಳ್ಳಿಯವಳ ಮನೆಯಲ್ಲಿ ಹೇಳಿಬಿಟ್ಟಿದ್ದರು: ಈ ಸಲ ಪಾಸಾದರೆ ಸರಿ, ಕೆಲಸಕ್ಕೆ ಸೇರು. ಇಲ್ಲದಿದ್ದರೆ ಓದಿದ್ದು ಸಾಕು, ಗಂಡು ನೋಡುತ್ತೇವೆ. ಪೇಟೆಯವಳಿಗೂ ಇದು ಗೊತ್ತಿತ್ತು. ಆ ಬೆಳಿಗ್ಗೆ ಅವಳು ಎಂದಿಗಿಂತ ಬೇಗ ನಿಲ್ದಾಣಕ್ಕೆ ಬಂದಳು. ಮೊಣಕೈ ತರಚಿಸಿಕೊಂಡು, ಮುಂದುಗಡೆ ಡ್ರೈವರ್ ಬದಿಯ ಸಾಲಿನಲ್ಲಿ ಎರಡು ಸೀಟು ಹಿಡಿದಳು.

ಆ ದಿನ ಏನೋ ಕೆಟ್ಟು, ಬಸ್ಸು ಹೊರಡುವುದೇ ತಡವಾಯಿತು. ಜನ ಹತ್ತುತ್ತಲೇ ಇದ್ದರು. ಹಳ್ಳಿಯವಳು ಬರಲಿಲ್ಲ. ಬಸ್ಸು ಹೊರಟಿತು.

ಊರ ಹೊರಗೆ ರೈಲ್ವೆ ಗೇಟು ಹಾಕಿತ್ತು. ಬಸ್ಸು ನಿಂತಿತು. ತಡವಾಗಿ ಬಂದವರು ಅಲ್ಲಿ ಹತ್ತುವುದುಂಟು. ಪೇಟೆಯವಳು ಕಿಟಕಿಯಿಂದ ನೋಡಿದಳು. ಗೆಳತಿ ಕಾಣಲಿಲ್ಲ. ಬಾಗಿಲುಗಳು ಇನ್ನೊಂದು ಬದಿಗೆ, ನಡುವೆ ಜನ ಗೋಡೆ ಕಟ್ಟಿದ ಹಾಗೆ ನಿಂತಿದ್ದರು. ಹಿಂದಿನ ಬಾಗಿಲಿನಿಂದ ಯಾರೋ ಒಂದಷ್ಟು ಮಂದಿ ಹತ್ತಿದರು. ಗೇಟು ತೆರೆಯಿತು.

ಇನ್ನೂ ಕೈಮರವಿದೆ ಎಂದುಕೊಂಡಳು. ಹಳ್ಳಿಯಿಂದ ಬರುವ ಇನ್ನೊಂದು ದಾರಿ ಕೈಮರದ ಹತ್ತಿರ ಬಂದು ಕೂಡುತ್ತಿತ್ತು. ಅಲ್ಲಿ ಹತ್ತಬಹುದು. ಕರ್ಚೀಫನ್ನು ಇನ್ನಷ್ಟು ಹರಡಿದಳು.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಮಾತು ಬಾಯಿಂದ ಬಾಯಿಗೆ ದಾಟಿ ಬಂತು. ನಡುವೆ ನಿಂತಿದ್ದ ಒಬ್ಬ ಮುದುಕಿ ಪೇಟೆಯವಳ ಕಡೆ ಬಗ್ಗಿದಳು.

“ಅಲ್ಲೊಂದು ಸೀಟು ಖಾಲಿ ಐತಲ್ಲವ್ವಾ. ಹಿಂದ್ಗಡೆ ಯಾವುದೋ ಹೆಣ್ಮಗ ನಿಂತ್ಕಳಕ್ಕಾಗ್ದೆ ವಾಲಾಡ್ತಾ ಐತಂತೆ. ಮೈ ಸುಡ್ತಾ ಐತಂತೆ. ಒಸಿ ಬಿಟ್ಕೊಡವ್ವಾ.”

“ಬರೋರಿದ್ದಾರೆ, ಅಜ್ಜಿ.”

“ಊರು ಬಿಟ್ಟಾಯ್ತಲ್ಲ, ಇನ್ನೆಲ್ಲಿಂದ ಬಂದಾರು?”

“ಕೈಮರದಲ್ಲಿ ಹತ್ತುತ್ತಾರೆ. ಅವಳಿಗೂ ಮೈಯಲ್ಲಿ ಶಕ್ತಿ ಇಲ್ಲ ಅಜ್ಜಿ, ಇವತ್ತು ಪರೀಕ್ಷೆ ಬೇರೆ. ನಿಂತ್ಕೊಂಡು ಹೋದ್ರೆ ಏನು ಬರೀತಾಳೆ?”

ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಮುದುಕಿ ಕರ್ಚೀಫನ್ನು ನೋಡಿದಳು. ಕಾನೂನು ಕಾನೂನೇ. “ಯಾರೋ ಬರೋರವ್ರಂತೆ ಕಣ್ರವ್ವಾ” ಎಂದು ಹಿಂದಕ್ಕೆ ಕೂಗಿದಳು. ಆ ಮಾತು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಪೇಟೆಯವಳು ಕಲ್ಲುಮನಸ್ಸಿನವಳಲ್ಲ. ಒಂದು ಸಲ ಎದ್ದು ಹಿಂದೆ ನೋಡೋಣವೆನಿಸಿತು. ಎದ್ದರೆ ಎರಡು ಸೀಟೂ ಹೋಗುತ್ತವೆ. ನಿಂತವರ ಬ್ಯಾಗುಗಳ ರಾಶಿ ಬೇರೆ ತೊಡೆಯ ಮೇಲಿತ್ತು. ರಾತ್ರಿಯೆಲ್ಲ ಓದಿದ ಕಣ್ಣು ಉರಿಯುತ್ತಿತ್ತು. ಕೂತಳು.

ಕೈಮರ ಬಂತು. ಅವಳು ಕತ್ತು ಉದ್ದ ಮಾಡಿ ಮುಂದಿನ ಬಾಗಿಲನ್ನೇ ನೋಡಿದಳು. ಹತ್ತುವವರನ್ನು ಒಬ್ಬೊಬ್ಬರಾಗಿ ನೋಡಿದಳು. ಹಿಂದಿನ ಬಾಗಿಲಿನಲ್ಲಿ ಗದ್ದಲವಾಯಿತು. ಯಾರನ್ನೋ ಕೈಹಿಡಿದು ಇಳಿಸುತ್ತಿದ್ದರು. ಇಳಿದವಳು ಕಂಡಕ್ಟರಿಗೆ ಏನೋ ಹೇಳಿದಳು. ಸೀಟಿ ಕೇಳಿಸಿತು, ಬಸ್ಸು ಹೊರಟಿತು. ಪೇಟೆಯವಳು ಕಾಯುತ್ತಿದ್ದುದು ಹತ್ತುವವಳನ್ನು. ಇಳಿದವಳ ಕಡೆ ಅವಳ ಕಣ್ಣು ಹೋಗಲಿಲ್ಲ.

ಇನ್ನು ಯಾರೂ ಬರುವುದಿಲ್ಲ ಎಂದು ಆಗ ಅವಳಿಗೆ ಖಚಿತವಾಯಿತು. ಕರ್ಚೀಫು ತೆಗೆದು “ಕೂತ್ಕೊಳ್ಳಿ ಅಜ್ಜಿ” ಎನ್ನಬಹುದಿತ್ತು. ಅನ್ನಲಿಲ್ಲ. ಈಗ ತೆಗೆದರೆ ಇಷ್ಟು ಹೊತ್ತು ಸುಳ್ಳು ಹೇಳಿದಂತೆ ಆಗುವುದಿಲ್ಲವೇ? ಮುದುಕಿಯ ಮುಖ ನೋಡುವುದಕ್ಕೂ ನಾಚಿಕೆ. ತೊಡೆಯ ಮೇಲಿದ್ದ ಬ್ಯಾಗುಗಳನ್ನು ಮೆಲ್ಲಗೆ ಪಕ್ಕದ ಸೀಟಿಗೆ ಜಾರಿಸಿದಳು. ಬ್ಯಾಗುಗಳ ಮೇಲೆ ತಲೆಯಿಟ್ಟಳು. ನಿದ್ದೆ ಬಂತು. ಗೆಳತಿಗೆಂದು ಹಿಡಿದ ಸೀಟು ಯಾವಾಗ ತನ್ನದಾಯಿತೆಂದು ಅವಳಿಗೇ ಗೊತ್ತಾಗಲಿಲ್ಲ. ಹಾಗೆ ಆ ಬಸ್ಸು ನಗರ ಸೇರಿತು. ಕರ್ಚೀಫು ಕೂತು ಬಂತು, ಮುದುಕಿ ನಿಂತು ಬಂದಳು.

ಪರೀಕ್ಷೆಯ ಕೋಣೆಯಲ್ಲಿ ಹಳ್ಳಿಯವಳ ಜಾಗ ಖಾಲಿ ಇತ್ತು. ಅಲ್ಲಿ ಯಾರೂ ಕರ್ಚೀಫು ಹಾಕಿರಲಿಲ್ಲ. ಪೇಟೆಯವಳು ಬರೆಯುತ್ತಾ ಬರೆಯುತ್ತಾ ಬಾಗಿಲು ನೋಡಿದಳು. ಮೊದಲು ಗಾಬರಿಯಾಯಿತು. ಆಮೇಲೆ ಕೋಪ ಬಂತು. ಇವಳಿಗಾಗಿ ನಾನು ಜನರ ಬಾಯಿಗೆ ಬಿದ್ದೆನಲ್ಲ, ಮುದುಕಿಯ ಕೈಲಿ ಅನ್ನಿಸಿಕೊಂಡೆನಲ್ಲ, ಇವಳು ಬರಲೇ ಇಲ್ಲವಲ್ಲ ಎಂದು.

ಸಂಜೆ ಅದೇ ದಾರಿಯಲ್ಲಿ ಮರಳುವಾಗ ಕೈಮರದಲ್ಲಿ ಹಳ್ಳಿಯವಳು ಬಸ್ಸು ಹತ್ತಿದಳು. ಮುಖ ಬಿಳಿಚಿಕೊಂಡಿತ್ತು, ತುಟಿ ಒಡೆದಿತ್ತು. ಪೇಟೆಯವಳು ಧಡಕ್ಕನೆ ಎದ್ದು ಅವಳನ್ನು ತನ್ನ ಸೀಟಿನಲ್ಲಿ ಕೂರಿಸಿದಳು.

“ಇಲ್ಲಿ ಏನೇ ಮಾಡ್ತಿದ್ದೆ? ಪರೀಕ್ಷೆ?”

ಹಳ್ಳಿಯವಳು ಸ್ವಲ್ಪ ಹೊತ್ತು ಸುಧಾರಿಸಿಕೊಂಡಳು. “ರಾತ್ರಿಯಿಂದ ಜ್ವರ ಕಣೇ. ಟೆಂಪೊ ತಡ ಆಯ್ತು. ನಮ್ಮ ಬಸ್ಸು ಹೋಗ್ಬಿಟ್ಟಿರುತ್ತೆ, ನೀನು ಕಾದೂ ಕಾದೂ ಹೋಗಿರ್ತೀಯ ಅಂದ್ಕೊಂಡೆ. ಗೇಟಲ್ಲಿ ಯಾವುದೋ ಬಸ್ಸು ನಿಂತಿತ್ತು, ಹಿಂದೆ ಹತ್ತಿದೆ. ನಿಲ್ಲಕ್ಕಾಗ್ಲಿಲ್ಲ. ಪಾಪ, ಪಕ್ಕದೋರು ಮುಂದೆ ಕೂಗಿ ಕೇಳಿದ್ರು. ಯಾವಳೋ ಒಬ್ಬಳು ಸೀಟು ಹಿಡ್ಕೊಂಡು ಕೂತಿದ್ದಳಂತೆ, ಬಿಡ್ಲಿಲ್ವಂತೆ. ಕಣ್ಣು ಕತ್ತಲೆ ಬಂತು. ಇಲ್ಲಿ ಇಳಿಸಿದ್ರು. ಕಂಡಕ್ಟರು ಬಸ್ಸು ನಿಲ್ಲಿಸ್ತೀನಿ, ಸುಧಾರಿಸ್ಕೊ ಅಂದ. ಬೇಡಣ್ಣ, ಎಲ್ಲರಿಗೂ ಪರೀಕ್ಷೆ ಇದೆ, ನೀವು ಹೋಗಿ ಅಂದೆ. ಟೀ ಅಂಗಡಿ ಬೆಂಚಲ್ಲಿ ಮಲಗಿದ್ದೆ. ಸಂಜೆ ನೀನು ಬಂದೇ ಬರ್ತೀಯಲ್ಲ ಅಂತ ಕಾದೆ.”

ಪೇಟೆಯವಳು ಸೀಟಿನ ಕಂಬಿ ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಆ ಎರಡನೆಯ ಕರ್ಚೀಫು ಮುದ್ದೆಯಾಗಿತ್ತು.

ಹಳ್ಳಿಯವಳು ಕಿಟಕಿಗೆ ತಲೆಯಾನಿಸಿದಳು. “ನಮ್ಮ ಬಸ್ಸು ಸಿಕ್ಕಿದ್ರೆ ಇದೆಲ್ಲ ಆಗ್ತಿರ್ಲಿಲ್ಲ ಕಣೇ. ನೀನಿರ್ತಿದ್ದೆ” ಎಂದು ಕಣ್ಣು ಮುಚ್ಚಿದಳು.

ಗುರುಗಳು ಕತೆ ನಿಲ್ಲಿಸಿದರು. ಮಠದ ಮುಂದಿನ ರಸ್ತೆಯಲ್ಲಿ ಒಂದು ಬಸ್ಸು ಬಂದು ನಿಂತು, ಯಾರನ್ನೋ ಇಳಿಸಿ ಹೋಯಿತು. ಶಿಷ್ಯ ಅತ್ತ ನೋಡಿದ. ಇಳಿದವರು ಬೇರೆ ಕಡೆ ನಡೆದುಹೋದರು.

“ಅವಳು ನಿಜ ಹೇಳಿದಳೇ, ಬುದ್ಧಿ?”

“ಹೇಳಿದಳೋ ಇಲ್ಲವೋ. ಹೇಳಿದ್ದರೆ ತಪ್ಪಿಹೋದ ಪರೀಕ್ಷೆ ಮರಳಿ ಬರುತ್ತಿತ್ತೇ?”

ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಆ ಹುಡುಗಿಯ ಪರವಾಗಿ ಯಾರಾದರೂ ಮಾತಾಡಬೇಕೆಂದು ಅವನಿಗೆ ಅನಿಸಿತು. ತನ್ನ ಪರವಾಗಿಯೂ ಇರಬಹುದು.

“ಅವಳನ್ನು ಹೇಗೆ ತಪ್ಪು ಅನ್ನುವುದು, ಬುದ್ಧಿ? ಅವಳೂ ದಣಿದಿದ್ದಳು. ಹಿಂದೆ ನಿಂತಿರುವವಳು ತನ್ನ ಗೆಳತಿಯೇ ಎಂದು ಗೊತ್ತಿದ್ದರೆ ಕೊಟ್ಟೇ ಕೊಡುತ್ತಿದ್ದಳು” ಎಂದ.

ಗುರುಗಳು ಕಂಬ ಹಿಡಿದು ನಿಧಾನವಾಗಿ ಎದ್ದರು.

“ಗೊತ್ತಿದ್ದರೆ ಎಲ್ಲರೂ ಕೊಡುತ್ತಾರೆ, ಮಗೂ.”