ಬಾವಿಯಲ್ಲೇ ಉಳಿದ ರಾಜಕುಮಾರಿ

ಮಕ್ಕಳೇ, ಹುಲ್ಲುಗಾವಲಿನ ಅಂಚಿನಲ್ಲಿ ಒಂದು ತಾವರೆ ಕೊಳವಿತ್ತು. ಸಂಜೆಯಾದರೆ ಸಾಕು, ಅದರ ದಂಡೆಯ ಹೊಂಗೆ ಮರದಡಿ ಪ್ರಾಣಿಗಳೆಲ್ಲ ಕತೆ ಕೇಳಲು ಸೇರುತ್ತಿದ್ದವು. ಅಲ್ಲಿ ಒಂದೇ ಕಟ್ಟಳೆ. ಕೇಳುವವರು "ಹ್ಞೂಂ" ಅನ್ನುತ್ತಿರಬೇಕು. ಹ್ಞೂಂ ನಿಂತರೆ ಕತೆಯೂ ನಿಂತಂತೆ.

ಆ ಕೊಳದ ಮುದಿ ಆಮೆ ಸಾಕಜ್ಜಿಗೆ ಕತೆ ಎಂದರೆ ಪ್ರಾಣ. ಮೊಟ್ಟೆಯೊಡೆದು ಬಂದ ವಾರದಿಂದಲೇ ಅವಳು ತನ್ನ ಅಜ್ಜಿಯ ಬೆನ್ನೇರಿ ಕೂತು ರಾಜಕುಮಾರಿ, ರಾಕ್ಷಸ, ಹಾರುವ ಮಂಚಗಳ ಕತೆ ಕೇಳುತ್ತ ಬೆಳೆದವಳು. ಚಿಪ್ಪಿಗೆ ಪಾಚಿ ಕಟ್ಟಿದರೂ ಆ ಆಸೆ ಮಾಸಿರಲಿಲ್ಲ. ಎಲ್ಲಕ್ಕಿಂತ ಇಷ್ಟವಾದದ್ದು ಪಾಳುಬಾವಿಯ ರಾಜಕುಮಾರಿಯ ಕತೆ.

ಆದರೆ ಸಾಕಜ್ಜಿಗೆ ಒಂದು ಕೆಟ್ಟ ಚಾಳಿ. ಕತೆ ತನ್ನ ಅಜ್ಜಿ ಹೇಳಿದ ಹಾಗೇ ಇರಬೇಕು, ಒಂದೆಳೆಯೂ ಅತ್ತಿತ್ತ ಆಗಕೂಡದು.

ಒಂದು ಸಂಜೆ ಕಪ್ಪೆ ಬೋರಣ್ಣ ಅದೇ ಕತೆ ಶುರು ಮಾಡಿದ. "ಒಂದೂರಲ್ಲಿ ಒಬ್ಬಳು ರಾಜಕುಮಾರಿ. ಹಸಿರು ಸೀರೆ ಉಟ್ಟು..."

"ಉಹೂಂ," ಅಂದಳು ಸಾಕಜ್ಜಿ. "ಹಳದಿ ಸೀರೆ."

"ಆಗಲಿ, ಹಳದಿ. ರಾಕ್ಷಸ ಕುದುರೆ ಏರಿ ಬಂದ."

"ಉಹೂಂ, ಕೋಣ. ನಮ್ಮಜ್ಜಿ ಹೇಳಿದ್ದು ಕೋಣ."

"ನಮ್ಮಜ್ಜಿ ಕುದುರೆ ಅಂದಿದ್ದಳಲ್ಲ?"

"ನಿಮ್ಮಜ್ಜಿಗೆ ಏನು ಗೊತ್ತು?"

ಬೋರಣ್ಣನ ಗಂಟಲು ಉಬ್ಬಿತು. "ನೀವು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದರೆ ನಾನೇನು ಮಾಡಲಿ?" ಅಂದ. ಪಕ್ಕದಲ್ಲಿದ್ದ ಮೊಲ ತನ್ನ ಕಾಲುಗಳನ್ನು ಒಮ್ಮೆ ನೋಡಿಕೊಂಡಿತು. "ಇನ್ನು ನೀವೇ ಹೇಳಿ. ನಾವು ಯಾರೂ ಬಾಯಿ ತೆರೆಯುವುದಿಲ್ಲ."

"ಅದೇ ಸರಿ," ಅಂದಳು ಮರದ ಮೇಲಿದ್ದ ಕೋತಿ ಕೆಂಪಿ. ಅವಳ ಕತೆಗಳನ್ನೂ ಸಾಕಜ್ಜಿ ಹೀಗೇ ಕೆಡಿಸಿದ್ದಳು.

ಸಾಕಜ್ಜಿಗೆ ಹಿಗ್ಗೋ ಹಿಗ್ಗು. ಕತ್ತು ಉದ್ದ ಮಾಡಿ ಹೇಳತೊಡಗಿದಳು. ಹಳದಿ ಸೀರೆ ಬಂತು, ಕೋಣ ಬಂತು. ರಾಕ್ಷಸ ರಾಜಕುಮಾರಿಯನ್ನು ನೀರಿಲ್ಲದ ಪಾಳುಬಾವಿಗೆ ಇಳಿಸಿ, ಹಗ್ಗ ಮೇಲೆಳೆದುಕೊಂಡು, ಬಾವಿಕಟ್ಟೆಯ ಮೇಲೇ ಮಲಗಿಬಿಟ್ಟ.

"ಹ್ಞೂಂ," ಅಂದವು ಪ್ರಾಣಿಗಳು.

ಸಾಕಜ್ಜಿ ಬಾಯಿ ತೆರೆದಳು. ಮುಂದಿನ ಮಾತು ಬರಲಿಲ್ಲ.

"ಹ್ಞೂಂ, ಆಮೇಲೆ?" ಅಂದಿತು ಮೊಲ.

ಆಗ ಸಾಕಜ್ಜಿಗೆ ಹೊಳೆಯಿತು. ಅಜ್ಜಿಯ ಬೆನ್ನು ಬೆಚ್ಚಗಿರುತ್ತಿತ್ತು. ಕತೆಯಲ್ಲಿ ರಾಕ್ಷಸ ಮಲಗುವ ಹೊತ್ತಿಗೆ ತಾನೂ ದಿನಾ ನಿದ್ದೆ ಹೋಗುತ್ತಿದ್ದಳು. ಕತೆಯ ಕೊನೆಯನ್ನು ಒಮ್ಮೆಯೂ ಕೇಳಿರಲೇ ಇಲ್ಲ. ಬೇರೆಯವರು ಹೇಳಹೊರಟಾಗಲೆಲ್ಲ ಸೀರೆ, ಕೋಣ ಎಂದು ಜಗಳ ತೆಗೆದು ನಿಲ್ಲಿಸಿದ್ದಳು. ತನ್ನ ಪ್ರೀತಿಯ ರಾಜಕುಮಾರಿ ಇಷ್ಟು ವರ್ಷವೂ ಬಾವಿಯಲ್ಲೇ ಕೂತಿದ್ದಾಳೆ ಅನ್ನಿಸಿ ಅವಳಿಗೆ ಅಳು ಬಂತು.

ಚಿಪ್ಪಿನೊಳಗೆ ತಲೆ ಎಳೆದುಕೊಂಡು ಸಣ್ಣ ದನಿಯಲ್ಲಿ ಕೇಳಿದಳು: "ಬೋರಣ್ಣಾ, ಅವಳು ಮೇಲೆ ಬಂದಳಾ?"

"ನಾನು ಹೇಳಿದರೆ ತಪ್ಪಾಗುತ್ತದಲ್ಲ, ಅಜ್ಜಿ."

"ಆಗಲಿ ಬಿಡಪ್ಪ, ಹೇಳು."

"ಹ್ಞೂಂ ಅನ್ನಬೇಕು ಮತ್ತೆ."

ಚಿಪ್ಪಿನೊಳಗಿಂದಲೇ ದನಿ ಬಂತು: "ಹ್ಞೂಂ."

"ಬಾವಿಯೊಳಗೆ ನಮ್ಮ ಕಪ್ಪೆಗಳಿದ್ದವು," ಅಂದ ಬೋರಣ್ಣ. "ಎಲ್ಲ ಸೇರಿ ವಟಗುಟ್ಟಿ ಮಳೆ ಕರೆದವು. ಬಾವಿ ತುಂಬಿತು. ನೀರಿನ ಜೊತೆಗೇ ರಾಜಕುಮಾರಿಯೂ ಮೇಲೆ ಬಂದಳು."

"ಅವಳಿಗೆ ಈಜು ಬರುತ್ತಿತ್ತಾ?" ಸಾಕಜ್ಜಿಗೆ ತಡೆಯಲಾಗಲಿಲ್ಲ.

ಬೋರಣ್ಣ ಕೊಂಚ ಯೋಚಿಸಿದ. "ಇಲ್ಲ. ತಳದಲ್ಲಿ ಒಂದು ಆಮೆಯೂ ಇತ್ತು. ಅದರ ಬೆನ್ನೇರಿ ಕೂತು ಬಂದಳು."

ಸಾಕಜ್ಜಿಯ ತಲೆ ಚಿಪ್ಪಿನಿಂದ ಪೂರಾ ಹೊರಗೆ ಬಂತು. "ಹ್ಞೂಂ, ಹ್ಞೂಂ. ರಾಕ್ಷಸ?"

"ಅವನನ್ನು ಕೋಣದ ಸಮೇತ ಮಳೆನೀರು ಕೊಚ್ಚಿಕೊಂಡು ಹೋಯಿತು."

"ಕುದುರೆಯ ಸಮೇತ ಅಂದರೂ ಆದೀತು," ಅಂದಳು ಸಾಕಜ್ಜಿ. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಮರುದಿನ ಸಂಜೆ ಕೋತಿ ಕೆಂಪಿ ಅದೇ ಕತೆ ಹೇಳಿದಳು. "ಬಾವಿಯೊಳಗೆ ಆಲದ ಬಿಳಲು ಇಳಿದಿತ್ತು. ಅದನ್ನು ಹಿಡಿದು ಇಳಿದ ಕೋತಿಯೊಂದು ರಾಜಕುಮಾರಿಯನ್ನು ಹೊತ್ತು ತಂದಿತು."

ಎಲ್ಲರೂ ಸಾಕಜ್ಜಿಯ ಕಡೆ ತಿರುಗಿದರು. ಅವಳ ಕತ್ತು ಉದ್ದವಾಯಿತು, ಬಾಯಿ ತೆರೆಯಿತು. ಬೋರಣ್ಣ ಕಣ್ಣು ಮುಚ್ಚಿಕೊಂಡ.

"ಹ್ಞೂಂ," ಅಂದಳು ಸಾಕಜ್ಜಿ. "ಆಮೇಲೆ?"

ನೀತಿ: ಮೆಚ್ಚಿದ ಕತೆ ನಮ್ಮೊಬ್ಬರ ಸೊತ್ತಲ್ಲ, ಇನ್ನೊಬ್ಬರು ತಮ್ಮಂತೆ ಹೇಳಿದಾಗಲೂ ಹ್ಞೂಂಗುಟ್ಟಿದರೆ ಮಾತ್ರ ಅದು ಕೊನೆ ಮುಟ್ಟುತ್ತದೆ.