ವಿರೂಪಾಕ್ಷನ ಚೆಂದದ ಅಕ್ಷರ

ನೀಲಗಂಗವ್ವ ಖಡಕ್ ರೊಟ್ಟಿ ಮಾಡುವ ಹೆಂಗಸರ ಸಂಘದ ಹಿರಿಯಳು. ವರ್ಷಪೂರ್ತಿ ರೊಟ್ಟಿ ಕೊಳ್ಳಲು ಮೈಸೂರಿನ ದೊಡ್ಡ ವ್ಯಾಪಾರಿಯೊಬ್ಬರು ಮುಂದೆ ಬಂದಿದ್ದರು. ಸಂಘದ ವಿವರ, ರೊಟ್ಟಿಯ ದರ ಬರೆದು ಸೋಮವಾರದೊಳಗೆ ಮೇಲ್ ಮಾಡಿ ಎಂದಿದ್ದರು. ಇದು ಕೈಗೂಡಿದರೆ ಹೆಂಗಸರಿಗೆ ಕಂಡವರ ಹೊಲಕ್ಕೆ ಕೂಲಿಗೆ ಹೋಗುವುದು ತಪ್ಪುತ್ತಿತ್ತು.

ಆಕೆ ಡಿಟಿಪಿ ಅಂಗಡಿಯ ವಿರೂಪಾಕ್ಷನ ಬಳಿ ಹೋದಳು. ಲಗ್ನಪತ್ರಿಕೆ ಮಾಡಿ ಮಾಡಿ ಅವನಿಗೆ ಬಳ್ಳಿಬಳ್ಳಿ ಅಕ್ಷರಗಳ ಒಂದು ಹಳೆಯ ಫಾಂಟಿನ ಹುಚ್ಚು ಹಿಡಿದಿತ್ತು. ಅದು ಅವನ ಕಂಪ್ಯೂಟರ್ ಬಿಟ್ಟರೆ ಮತ್ತೆಲ್ಲೂ ಇರಲಿಲ್ಲ. ಅದೇ ಅವನ ಹೆಮ್ಮೆ.

"ತಮ್ಮಾ, ಇದು ಅಚ್ಚು ಹಾಕಿ ಹಂಚೂ ಲಗ್ನಪತ್ರಿಕಿ ಅಲ್ಲ. ಅವ್ರ ಕಂಪ್ಯೂಟರಿನ್ಯಾಗ ತೆರೀಬೇಕು. ಈ ಫಾಂಟ್ ಅಲ್ಲಿ ಇಲ್ಲಂದ್ರ ಅಕ್ಷರ ಕೆಟ್ಟು ಹೋಗ್ತಾವ. ಎಲ್ಲಾರ ಕಡೆ ಇರೂ ಯುನಿಕೋಡ್ ಅಕ್ಷರ ಹಾಕು. ಇಲ್ಲಾ ಪಿಡಿಎಫ್ ಮಾಡಿ, ಮೊದಲ ನನ್ನ ಫೋನಿಗೆ ಕಳಿಸಿ ನೋಡು."

"ನೋಡ್ರಿ ಅಕ್ಕಾರ, ಮುತ್ತು ಪೋಣಿಸಿದಂಗ ಕಾಣ್ತೈತಿ! ಇಲ್ಲಿ ಕಂಡದ್ದು ಅಲ್ಲಿ ಕಾಣೂದಿಲ್ಲೇನು?"

ಆಕೆ ಬಡಕೊಂಡಿದ್ದೇ ಬಂತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಯಾರು ಹೇಳಬೇಕು? ಹಾಗೇ ಕಳಿಸಿಬಿಟ್ಟ.

ಸೋಮವಾರ ಮೈಸೂರಿನಿಂದ ಫೋನ್ ಬಂತು. "ಏನಮ್ಮಾ ಇದು? ಒಂದಕ್ಷರವೂ ಕನ್ನಡದಲ್ಲಿಲ್ಲ. ಬರೀ ಇಂಗ್ಲಿಷಿನ ಚೂರು, ಕೊಕ್ಕೆ, ಚುಕ್ಕಿ. ಸಂಜೆಯೊಳಗೆ ಸರಿಯಾಗಿ ಕಳಿಸಿ."

ನೀಲಗಂಗವ್ವ ಬಿಸಿಲಲ್ಲೇ ಓಡಿದಳು. ವಿರೂಪಾಕ್ಷ ಮಾಡಿದ್ದೇನು? ಅದೇ ಅಕ್ಷರವನ್ನು ಇನ್ನಷ್ಟು ದಪ್ಪ ಮಾಡಿ, ಸುತ್ತ ಹೂವಿನ ಅಂಚು ಎಳೆದು ಮತ್ತೆ ಕಳಿಸಿದ. ಸಾಲದ್ದಕ್ಕೆ, "ನಮ್ಮ ಫಾಂಟ್ ಹಾಕ್ಕೊಂಡು ಓದ್ರಿ" ಎಂದು ಕೊಳ್ಳುವವರಿಗೇ ಬುದ್ಧಿ ಹೇಳಿದ!

ಮೈಸೂರಿನವರಿಗೆ ಬೇಕಾಗಿದ್ದು ರೊಟ್ಟಿ, ಫಾಂಟ್ ಅಲ್ಲ. ಬೇರೊಂದು ಸಂಘ ಸಾದಾ ಅಕ್ಷರದಲ್ಲಿ ಕಳಿಸಿದ ಪುಟ ಓದಲು ಬಂತು. ಕೆಲಸ ಅವರಿಗೇ ಹೋಯಿತು.

ಸುದ್ದಿ ಕೇಳಿದ ಮೇಲೂ ವಿರೂಪಾಕ್ಷ ಪರದೆಯತ್ತ ಕೈ ತೋರಿಸಿದ. "ನೀವ ಹೇಳ್ರಿ ಅಕ್ಕಾರ, ಇದರಾಗ ಏನ್ ಕಡಿಮಿ ಆಗೈತಿ?"

ನೀಲಗಂಗವ್ವನಿಗೆ ಸಿಟ್ಟಿಗಿಂತ ಮೊದಲು ಅಳು ಬಂತು. "ಏನೂ ಕಡಿಮಿ ಇಲ್ಲಪ್ಪಾ. ನಾಳಿಂದ ನಮ್ಮ ರೊಟ್ಟಿನೂ ನಿನ್ನ ಕಂಪ್ಯೂಟರಿಗೇ ಮಾರ್ತೀವಿ" ಎಂದಳು. ಒಲೆ ಹಚ್ಚಿಕೊಂಡು ಕಾಯುತ್ತಿದ್ದ ಹೆಂಗಸರಿಗೆ ಬೆಂಕಿ ಆರಿಸಿ ಎಂದು ಹೇಳಲು ಹೊರಟಳು.

ನೀತಿ: ಬರೆದವನ ಕಣ್ಣಿಗೆ ಚೆಂದ ಕಂಡರೆ ಸಾಲದು, ಓದುವವನ ಕಣ್ಣಿಗೆ ಕಾಣಬೇಕು. ಕಳಿಸುವ ಮುನ್ನ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿ. ಇಷ್ಟು ಹೇಳಿದ ಮೇಲೂ "ನನ್ನದರಲ್ಲಿ ಸರಿಯಾಗೇ ಇದೆ" ಎನ್ನುವವರಿಗೆ ದೇವರೇ ಗತಿ.